ದಡಾರವೂ ಅದರ ನಿವಾರಣೆಯೂ

ದಡಾರವೆಂದರೆ ಮಕ್ಕಳಿಗೆ ಒಮ್ಮೆ ಬಂದು ಹೋಗುವ ಅಲ್ಪ ವ್ಯಾಧಿಯೆಂಬ ಭಾವನೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಉತ್ತರ ಕರ್ನಾಟಕದ ಕೆಲವೆಡೆ ಇದನ್ನೇ ಗೊಬ್ಬರವೆಂದು ಕರೆಯುವುದುಂಟು. ಹೆಸರು ಯಾವುದಾದರೂ ಆಗಲಿ, ಮಗುವಿಗೆ ಜ್ವರ ಬರುವುದು, ಮೈಮೇಲೆ ಕೆಂಪು ದದ್ದುಗಳೇಳುವುದು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ವಾರ ಕಳೆದ ಮೇಲೆ ಮಗುವಿಗೆ ತಲೆಗೆ ನೀರು ಹಾಕುವುದು, ಇಷ್ಟಕ್ಕೆ ರೋಗದ ಕಥೆ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ಲೋಕದ ಅನುಭವ ಹಾಗೆ ಹೇಳುವುದಿಲ್ಲ. ಲಸಿಕೆ ಬಳಕೆಗೆ ಬಂದ ೧೯೬೩ಕ್ಕೆ ಮುಂಚೆ ಪ್ರಪಂಚದಲ್ಲಿ ಪ್ರತಿವರ್ಷವೂ ಸುಮಾರು ೨೬ ಲಕ್ಷ ಜನ ಈ ರೋಗದಿಂದ ಸಾಯುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಲಸಿಕೆಯು ಎಲ್ಲ ದೇಶಗಳಲ್ಲಿಯೂ ದೊರೆಯುತ್ತಿದ್ದ ೨೦೨೩ರಲ್ಲಿಯೂ ಸತ್ತವರ ಸಂಖ್ಯೆ ಒಂದು ಲಕ್ಷವನ್ನು ಮೀರಿತ್ತು. ಅವರಲ್ಲಿ ಬಹುಪಾಲು ಐದು ವರ್ಷ ತುಂಬದ ಮಕ್ಕಳು.

ಭೌತಶಾಸ್ತ್ರವನ್ನು ಬೋಧಿಸುವವನು ರೋಗದ ವಿಷಯವನ್ನು ಏಕೆ ಬರೆಯಬೇಕೆಂದು ವಾಚಕರು ಕೇಳಬಹುದು. ದಡಾರದ ಚಿಕಿತ್ಸೆ ವೈದ್ಯರಿಗೆ ಸೇರಿದ್ದು, ನಿಜ. ಆದರೆ ಅದು ಹರಡುವ ಬಗೆ ಗಾಳಿಯಲ್ಲಿ ತೇಲುವ ಸೂಕ್ಷ್ಮಕಣಗಳಿಗೂ, ಒಂದು ಸರಳವಾದ ಗುಣಾಕಾರಕ್ಕೂ ಸಂಬಂಧಿಸಿದ ವಿಷಯ. ಆ ಗುಣಾಕಾರವನ್ನು ಅರಿತವನಿಗೆ ನೂರಕ್ಕೆ ತೊಂಬತ್ತು ಮಕ್ಕಳಿಗೆ ಲಸಿಕೆ ಹಾಕಿದರೂ ಏಕೆ ಸಾಲದೆಂಬುದು ತಾನಾಗಿಯೇ ತಿಳಿಯುತ್ತದೆ. ಈ ಲೇಖನದ ಮುಖ್ಯ ಉದ್ದೇಶ ಅದೇ.

ಒಂದು ದ್ವೀಪಸಮೂಹದ ಪಾಠ

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಡೆನ್ಮಾರ್ಕಿಗೆ ಸೇರಿದ ಫೆರೋ ಎಂಬ ದ್ವೀಪಸಮೂಹವಿದೆ. ೧೮೪೬ರಲ್ಲಿ ಅಲ್ಲಿದ್ದ ಜನರ ಸಂಖ್ಯೆ ಎಂಟು ಸಾವಿರಕ್ಕೆ ಸ್ವಲ್ಪ ಕಡಿಮೆ. ೧೭೮೧ರಲ್ಲಿ ಒಮ್ಮೆ ದಡಾರ ಬಂದು ಹೋದ ಮೇಲೆ ಅರುವತ್ತೈದು ವರ್ಷ ಆ ದ್ವೀಪಗಳಲ್ಲಿ ಅದರ ಸುಳಿವೇ ಇರಲಿಲ್ಲ. ೧೮೪೬ರ ಮಾರ್ಚ್ ತಿಂಗಳಲ್ಲಿ ಕೋಪನ್‌ಹೇಗನ್ನಿನಿಂದ ಹಡಗಿನಲ್ಲಿ ಬಂದಿಳಿದ ಒಬ್ಬ ಮರಗೆಲಸದವನು ಏಪ್ರಿಲ್ ಆದಿಯಲ್ಲಿ ದಡಾರದಿಂದ ಮಲಗಿದನು. ಮುಂದೆ ಸುಮಾರು ಆರು ತಿಂಗಳಲ್ಲಿ ದ್ವೀಪವಾಸಿಗಳಲ್ಲಿ ಆರು ಸಾವಿರ ಜನರಿಗೆ ರೋಗವಂಟಿತು.

ಡೆನ್ಮಾರ್ಕಿನ ಸರ್ಕಾರವು ಇದನ್ನು ಪರಿಶೀಲಿಸಲು ಪೀಟರ್ ಲುಡ್ವಿಗ್ ಪಾನುಮ್ ಎಂಬ ತರುಣ ವೈದ್ಯನನ್ನು ಕಳುಹಿಸಿತು. ಆತನಿಗೆ ಆಗ ಇಪ್ಪತ್ತೈದು ವರ್ಷ. ರೋಗಾಣುವೆಂಬುದು ಏನೆಂದು ಯಾರಿಗೂ ತಿಳಿಯದಿದ್ದ ಕಾಲ ಅದು. ಪಾನುಮ್ ಹಳ್ಳಿಯಿಂದ ಹಳ್ಳಿಗೆ ಹೋಗಿ, ಯಾರು ಯಾವ ದಿನ ಯಾರನ್ನು ಸಂಧಿಸಿದರು, ಯಾವ ದಿನ ದದ್ದು ಕಾಣಿಸಿತು ಎಂಬುದನ್ನು ವಿಚಾರಿಸಿ ಬರೆದಿಟ್ಟನು. ಒಂದು ಹಳ್ಳಿಯಿಂದ ಹತ್ತು ಮಂದಿ ಒಂದೇ ದೋಣಿಯಲ್ಲಿ ಜೂನ್ ೪ರಂದು ತಿಮಿಂಗಿಲದ ಬೇಟೆಗೆಂದು ಬೇರೆ ಊರಿಗೆ ಹೋಗಿದ್ದರು. ಆ ಊರಿನಲ್ಲಿ ಸೋಂಕು ಇತ್ತು. ಜೂನ್ ೧೮ರಂದು ಆ ಹತ್ತು ಮಂದಿಗೂ ದದ್ದುಗಳು ಕಾಣಿಸಿಕೊಂಡವು. ಸೋಂಕು ತಗುಲಿದ ದಿನದಿಂದ ದದ್ದು ಏಳುವವರೆಗೆ ಸುಮಾರು ಹದಿನಾಲ್ಕು ದಿನಗಳು ಬೇಕೆಂಬುದು ಇಂತಹ ಹಲವು ನಿದರ್ಶನಗಳಿಂದ ಸ್ಥಿರಪಟ್ಟಿತು.

ಪಾನುಮ್ ಗಮನಿಸಿದ ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ೧೭೮೧ರಲ್ಲಿ ಬಾಲ್ಯದಲ್ಲಿ ದಡಾರವನ್ನು ಅನುಭವಿಸಿದ್ದ ತೊಂಬತ್ತೆಂಟು ಮಂದಿ ವೃದ್ಧರನ್ನು ಅವನು ಲೆಕ್ಕಹಾಕಿದನು. ಅವರಲ್ಲಿ ಒಬ್ಬರಿಗೂ ಎರಡನೆಯ ಬಾರಿ ರೋಗ ಬರಲಿಲ್ಲ. ಆದರೆ ಹಿಂದೆ ಅದನ್ನು ಕಾಣದಿದ್ದ ವೃದ್ಧರು ಮಕ್ಕಳಂತೆಯೇ ಹಾಸಿಗೆ ಹಿಡಿದರು. ದಡಾರವು ಮಕ್ಕಳ ರೋಗವಲ್ಲ, ರಕ್ಷಣೆಯಿಲ್ಲದವರೆಲ್ಲರ ರೋಗ ಎಂಬುದೂ, ಒಮ್ಮೆ ಬಂದರೆ ಶರೀರವು ಅದನ್ನು ಜೀವಮಾನವಿಡೀ ಮರೆಯುವುದಿಲ್ಲವೆಂಬುದೂ ಇದರಿಂದ ಸಿದ್ಧವಾಯಿತು. ಲಸಿಕೆಯ ಆಶೆಯೆಲ್ಲ ನಿಂತಿರುವುದು ಈ ಎರಡನೆಯ ಮಾತಿನ ಮೇಲೆಯೇ.

ರೋಗದ ಕ್ರಮ

ದಡಾರಕ್ಕೆ ಕಾರಣ ಒಂದು ವೈರಸ್. ಅದರ ವ್ಯಾಸವು ಮಿಲಿಮೀಟರಿನ ಹತ್ತು ಸಾವಿರದ ಒಂದರಿಂದ ಮೂರು ಭಾಗದಷ್ಟು. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಅದು ಕಾಣದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಮೂಗು, ಗಂಟಲುಗಳ ಮೂಲಕ ಒಳಹೊಕ್ಕ ವೈರಸ್ಸು ಮೊದಲ ಹತ್ತು ಹನ್ನೆರಡು ದಿನ ಯಾವ ಸೂಚನೆಯನ್ನೂ ಕೊಡದೆ ಒಳಗೇ ವೃದ್ಧಿಹೊಂದುತ್ತದೆ. ಆಮೇಲೆ ಜ್ವರ, ಒಣಕೆಮ್ಮು, ಮೂಗು ಸುರಿಯುವುದು, ಕಣ್ಣು ಕೆಂಪಾಗಿ ನೀರೂರುವುದು, ಇವು ತೊಡಗುತ್ತವೆ. ಮಗುವು ಬೆಳಕನ್ನು ಸಹಿಸಲಾರದೆ ಮುಖವನ್ನು ತಿರುಗಿಸುತ್ತದೆ. ಈ ಹಂತದಲ್ಲಿ ಇದನ್ನು ಸಾಮಾನ್ಯ ನೆಗಡಿಯೆಂದೇ ಎಲ್ಲರೂ ತಿಳಿಯುವುದು ಸಹಜ.

ಎರಡು ಮೂರು ದಿನಗಳಲ್ಲಿ ಕೆನ್ನೆಯ ಒಳಮೈಯಲ್ಲಿ, ದವಡೆಹಲ್ಲುಗಳಿಗೆ ಎದುರಾಗಿ, ಕೆಂಪು ನೆಲದ ಮೇಲೆ ಉಪ್ಪಿನ ಹರಳು ಉದುರಿಸಿದಂತೆ ಚಿಕ್ಕ ಬಿಳಿಯ ಚುಕ್ಕೆಗಳು ಕಾಣಿಸಬಹುದು. ನ್ಯೂಯಾರ್ಕಿನ ಮಕ್ಕಳ ವೈದ್ಯ ಹೆನ್ರಿ ಕಾಪ್ಲಿಕ್ ೧೮೯೬ರಲ್ಲಿ ಇವುಗಳನ್ನು ವರ್ಣಿಸಿದುದರಿಂದ ಇವಕ್ಕೆ ಕಾಪ್ಲಿಕ್ ಚುಕ್ಕೆಗಳೆಂದು ಹೆಸರು. ಬೇರೆ ಯಾವ ರೋಗದಲ್ಲಿಯೂ ಇವು ಹೀಗೆ ಕಾಣದ ಕಾರಣ ದದ್ದು ಏಳುವ ಮುನ್ನವೇ ವೈದ್ಯರು ರೋಗವನ್ನು ಗುರುತಿಸಲು ಇವು ನೆರವಾಗುತ್ತವೆ.

ಜ್ವರ ಬಂದ ಮೂರು ನಾಲ್ಕು ದಿನಗಳಿಗೆ ದದ್ದುಗಳ ಸರದಿ. ಅವು ಮೊದಲು ಕಿವಿಯ ಹಿಂದೆ ಮತ್ತು ಹಣೆಯ ಮೇಲೆ ಕೂದಲಿನ ಅಂಚಿನಲ್ಲಿ ಏಳುತ್ತವೆ. ಅಲ್ಲಿಂದ ಮುಖ, ಕುತ್ತಿಗೆ, ಎದೆ, ಬೆನ್ನುಗಳಿಗೆ ಇಳಿದು, ಮೂರು ದಿನಗಳಲ್ಲಿ ಕೈಕಾಲುಗಳನ್ನು ತಲಪುತ್ತವೆ. ಮೇಲಿನಿಂದ ಕೆಳಕ್ಕಿಳಿಯುವ ಈ ಕ್ರಮ ದಡಾರದ ಮುಖ್ಯ ಲಕ್ಷಣ. ಸೀತಾಳೆ ಸಿಡುಬಿನಲ್ಲಿ ಏಳುವುದು ನೀರು ತುಂಬಿದ ಗುಳ್ಳೆಗಳು. ದಡಾರದ ದದ್ದಿನಲ್ಲಿ ನೀರಿರುವುದಿಲ್ಲ. ದದ್ದು ಏಳುವ ದಿನಗಳಲ್ಲಿ ಜ್ವರವು ೧೦೪ ಡಿಗ್ರಿ ಫ್ಯಾರನ್‌ಹೀಟಿನವರೆಗೆ ಏರಬಹುದು. ಐದಾರು ದಿನಗಳ ಬಳಿಕ ದದ್ದುಗಳು ಬಂದ ಕ್ರಮದಲ್ಲಿಯೇ ಕಂದಿ ಮಾಯವಾಗುತ್ತವೆ.

ಇಲ್ಲಿ ವಾಚಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ರೋಗಿಯಿಂದ ಇತರರಿಗೆ ಸೋಂಕು ಹರಡುವುದು ದದ್ದು ಕಾಣಿಸುವುದಕ್ಕೆ ನಾಲ್ಕು ದಿನ ಮುಂಚಿನಿಂದ, ಕಾಣಿಸಿದ ಮೇಲೆ ನಾಲ್ಕು ದಿನದವರೆಗೆ. ಎಂದರೆ ಮನೆಯವರು ದಡಾರವೆಂದು ಗುರುತಿಸುವ ಹೊತ್ತಿಗೆ ಮಗುವು ಶಾಲೆಯಲ್ಲಿಯೂ ಬಸ್ಸಿನಲ್ಲಿಯೂ ಮದುವೆಯ ಮನೆಯಲ್ಲಿಯೂ ಸೋಂಕನ್ನು ಹಂಚಿ ಬಂದಿರುತ್ತದೆ. ರೋಗ ಕಂಡ ಮೇಲೆ ಪ್ರತ್ಯೇಕವಾಗಿಡುವುದು ಅವಶ್ಯಕವೇ ಆದರೂ ಅದೊಂದರಿಂದಲೇ ದಡಾರವನ್ನು ತಡೆಯಲಾಗದುದಕ್ಕೆ ಇದೇ ಕಾರಣ.

ಜ್ವರ ಇಳಿದ ಮೇಲೆ

ದಡಾರದಿಂದ ಸಾಯುವವರಲ್ಲಿ ಹೆಚ್ಚಿನವರು ಅದರ ಬೆನ್ನುಹತ್ತಿ ಬರುವ ಬೇರೆ ತೊಂದರೆಗಳಿಂದ ಸಾಯುತ್ತಾರೆ. ಅತಿಭೇದಿ, ಕಿವಿ ಸೋರುವಿಕೆ, ಶ್ವಾಸಕೋಶದ ಉರಿಯೂತ, ಇವು ಸಾಮಾನ್ಯ. ಇಪ್ಪತ್ತು ಮಕ್ಕಳಲ್ಲಿ ಒಂದಕ್ಕೆ ಶ್ವಾಸಕೋಶದ ತೊಂದರೆ ಬರುವುದುಂಟು. ಸಾವಿರಕ್ಕೆ ಒಬ್ಬರಂತೆ ಮೆದುಳಿಗೆ ಊತ ಬರುತ್ತದೆ, ಬದುಕುಳಿದರೂ ಕಿವುಡುತನವೋ ಬುದ್ಧಿಮಾಂದ್ಯವೋ ಉಳಿಯಬಹುದು. ಎ ಜೀವಸತ್ವದ ಕೊರತೆಯಿರುವ ಮಗುವಿನ ಕಣ್ಣಿನ ಕರಿಗುಡ್ಡೆಯ ಮುಂಪೊರೆ ಹುಣ್ಣಾಗಿ ದೃಷ್ಟಿಯೇ ನಾಶವಾಗಬಹುದು. ಬಹಳ ಅಪರೂಪವಾಗಿ, ರೋಗ ವಾಸಿಯಾಗಿ ಏಳೆಂಟು ಹತ್ತು ವರ್ಷಗಳಾದ ಮೇಲೆ, ಮೆದುಳಿನಲ್ಲಿ ಅಡಗಿದ್ದ ವೈರಸ್ಸಿನಿಂದ ಮಗು ಕ್ರಮೇಣ ಮಾತು, ನಡಿಗೆ, ಪ್ರಜ್ಞೆಗಳನ್ನು ಕಳೆದುಕೊಂಡು ಸಾಯುವುದೂ ಉಂಟು. ಇದಕ್ಕೆ ಗುಣಪಡಿಸುವ ಮದ್ದಿಲ್ಲ.

ಈಚೆಗೆ ಇನ್ನೊಂದು ಸಂಗತಿ ಬೆಳಕಿಗೆ ಬಂದಿದೆ. ನಾವು ಹಿಂದೆ ಅನುಭವಿಸಿದ ಸೋಂಕುಗಳ ನೆನಪನ್ನು ಇಟ್ಟುಕೊಂಡಿರುವ ಬಿಳಿಯ ರಕ್ತಕಣಗಳನ್ನೇ ದಡಾರದ ವೈರಸ್ಸು ಆಕ್ರಮಿಸುತ್ತದೆ. ನೆದರ್ಲೆಂಡಿನಲ್ಲಿ ಲಸಿಕೆ ಹಾಕಿಸಿಕೊಳ್ಳದಿದ್ದ ೭೭ ಮಕ್ಕಳ ರಕ್ತವನ್ನು ರೋಗಕ್ಕೆ ಮುಂಚೆ ಮತ್ತು ಅನಂತರ ಪರೀಕ್ಷಿಸಿ ೨೦೧೯ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಇತರ ರೋಗಗಳನ್ನು ಎದುರಿಸುವ ಪ್ರತಿಕಾಯಗಳಲ್ಲಿ ನೂರಕ್ಕೆ ೧೧ರಿಂದ ೭೩ರವರೆಗೆ ನಷ್ಟವಾಗಿದ್ದವು. ದಡಾರದಿಂದ ಎದ್ದ ಮಗುವು ಮುಂದೆ ಬಹುಕಾಲ ಬೇರೆ ಬೇರೆ ಕಾಯಿಲೆಗಳಿಗೆ ಸುಲಭವಾಗಿ ತುತ್ತಾಗುವುದೇಕೆಂಬುದು ಇದರಿಂದ ಅರ್ಥವಾಗುತ್ತದೆ. ದಡಾರ ಬಂದು ಹೋದರೆ ಮಗು ಗಟ್ಟಿಯಾಗುತ್ತದೆಂಬ ಮಾತಿಗೆ ಆಧಾರವಿಲ್ಲ.

ಗಾಳಿಯಲ್ಲಿ ತೇಲುವ ಕಣಗಳು

ಕೆಮ್ಮಿದಾಗ ಬಾಯಿಂದ ಹೊರಡುವ ತುಂತುರು ಎಷ್ಟು ಹೊತ್ತು ಗಾಳಿಯಲ್ಲಿರುತ್ತದೆ? ಸ್ನಿಗ್ಧತೆಯ ಪಾಠದಲ್ಲಿ ವಿದ್ಯಾರ್ಥಿಗಳು ಓದುವ ಸ್ಟೋಕ್ಸನ ನಿಯಮವೇ ಇದಕ್ಕೆ ಉತ್ತರ ಕೊಡುತ್ತದೆ. ಗಾಳಿಯಲ್ಲಿ ಬೀಳುವ ಸಣ್ಣ ಹನಿಯ ಅಂತಿಮ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ವ್ಯಾಸವುಳ್ಳ ಹನಿ ಸೆಕೆಂಡಿಗೆ ಸುಮಾರು ೩೦ ಸೆಂಟಿಮೀಟರ್ ವೇಗದಲ್ಲಿ ಇಳಿಯುತ್ತದೆ. ಒಂದೂವರೆ ಮೀಟರ್ ಎತ್ತರದಿಂದ ಅದು ನೆಲ ಮುಟ್ಟಲು ಐದು ಸೆಕೆಂಡು ಸಾಕು. ವ್ಯಾಸವು ನೂರನೆಯ ಒಂದು ಭಾಗವಾದರೆ ವೇಗವು ಸೆಕೆಂಡಿಗೆ ೩ ಮಿಲಿಮೀಟರಿಗೆ ಇಳಿದು, ಎಂಟು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ವ್ಯಾಸವು ಸಾವಿರದ ಒಂದು ಭಾಗವಾದರೆ ಬೇಕಾಗುವ ಕಾಲ ಸುಮಾರು ಹದಿನಾಲ್ಕು ಗಂಟೆ. ಇದು ಗಾಳಿ ಅಲುಗಾಡದಿದ್ದಾಗಿನ ಲೆಕ್ಕ. ಕೋಣೆಯಲ್ಲಿ ಜನರ ಓಡಾಟವಿದ್ದರೆ ಅಷ್ಟು ಸಣ್ಣ ಕಣ ನೆಲಕ್ಕಿಳಿಯದೆ ಅಲೆಯುತ್ತಲೇ ಇರುತ್ತದೆ.

ಇದಕ್ಕೆ ಸೇರಿದಂತೆ, ಹೊರಬಿದ್ದ ಹನಿಗಳ ನೀರು ಕ್ಷಣಮಾತ್ರದಲ್ಲಿ ಆರಿ ಅವು ಮತ್ತಷ್ಟು ಕುಗ್ಗುತ್ತವೆ. ಹೀಗೆ ಆರಿ ಉಳಿದ ಬೀಜಕಣಗಳೇ ಕೆಲವು ರೋಗಗಳನ್ನು ದೂರ ಒಯ್ಯುವುವೆಂದು ಅಮೆರಿಕದ ವಿಲಿಯಂ ವೆಲ್ಸ್ ೧೯೩೪ರಲ್ಲಿ ತೋರಿಸಿಕೊಟ್ಟನು. ದಡಾರದ ವೈರಸ್ಸು ಇಂತಹ ಕಣಗಳಲ್ಲಿ, ರೋಗಿಯು ಕೋಣೆಯನ್ನು ಬಿಟ್ಟುಹೋದ ಮೇಲೆಯೂ, ಎರಡು ಗಂಟೆಯವರೆಗೆ ಸೋಂಕುಂಟುಮಾಡುವ ಶಕ್ತಿಯನ್ನು ಉಳಿಸಿಕೊಂಡಿರಬಲ್ಲುದು. ರಕ್ಷಣೆಯಿಲ್ಲದ ಹತ್ತು ಮಂದಿ ರೋಗಿಯ ಸಮೀಪವಿದ್ದರೆ ಒಂಬತ್ತು ಮಂದಿಗೆ ಅದು ಅಂಟುತ್ತದೆ.

ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ೧೯೭೪ರಲ್ಲಿ ಅಮೆರಿಕದ ರೋಚೆಸ್ಟರ್ ನಗರದ ಸಮೀಪದ ಪ್ರಾಥಮಿಕ ಶಾಲೆಯೊಂದರಲ್ಲಿ ಒಬ್ಬಳು ಬಾಲಕಿಯಿಂದ ಹದಿನಾಲ್ಕು ತರಗತಿಗಳ ಇಪ್ಪತ್ತೆಂಟು ಮಕ್ಕಳಿಗೆ ದಡಾರ ಬಂದಿತು. ಅವರಲ್ಲಿ ಅನೇಕರು ಆಕೆಯೊಡನೆ ಒಂದೇ ಕೋಣೆಯಲ್ಲಿ ಕುಳಿತವರೇ ಅಲ್ಲ. ಕಟ್ಟಡದ ಯಂತ್ರವು ತರಗತಿಗಳ ಗಾಳಿಯನ್ನು ಹೀರಿ, ಅದರ ಬಹುಭಾಗವನ್ನು ಮತ್ತೆ ಎಲ್ಲ ಕೋಣೆಗಳಿಗೂ ಹಂಚುತ್ತಿದ್ದುದೇ ಇದಕ್ಕೆ ಕಾರಣವೆಂದು ಪರಿಶೀಲಿಸಿದವರು ಕಂಡುಕೊಂಡರು.

ಸರಪಳಿಯ ಲೆಕ್ಕ

ಯಾರಿಗೂ ರಕ್ಷಣೆಯಿಲ್ಲದ ಸಮಾಜದಲ್ಲಿ ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಜನರಿಗೆ ಸೋಂಕು ತಗುಲುತ್ತದೆಯೋ ಆ ಸಂಖ್ಯೆಯನ್ನು ಹರಡುವ ಗುಣಕವೆನ್ನೋಣ. ದಡಾರಕ್ಕೆ ಈ ಗುಣಕವು ಸಾಮಾನ್ಯವಾಗಿ ೧೨ರಿಂದ ೧೮ ಎಂದು ಹೇಳುತ್ತಾರೆ. ಲೆಕ್ಕದ ಸೌಕರ್ಯಕ್ಕಾಗಿ ೧೫ ಎಂದು ಇಟ್ಟುಕೊಳ್ಳೋಣ. ಒಬ್ಬನಿಂದ ೧೫ ಜನಕ್ಕೆ, ಅವರಿಂದ ೨೨೫ಕ್ಕೆ, ಅವರಿಂದ ೩,೩೭೫ಕ್ಕೆ ರೋಗ ಹರಡುತ್ತದೆ. ಒಂದೊಂದು ಹೆಜ್ಜೆಗೂ ಸುಮಾರು ಹನ್ನೆರಡು ದಿನ ಬೇಕಾಗುವುದರಿಂದ ಇದೆಲ್ಲವೂ ಐದು ವಾರಗಳ ಕಥೆ.

ಪರಮಾಣುಶಕ್ತಿಯ ವಿಷಯವನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಯುರೇನಿಯಂ ಬೀಜ ಒಡೆದಾಗ ಹೊರಡುವ ನ್ಯೂಟ್ರಾನುಗಳು ಬೇರೆ ಬೀಜಗಳನ್ನು ಒಡೆಯುತ್ತವೆ. ಒಂದು ಪೀಳಿಗೆಯಿಂದ ಮುಂದಿನ ಪೀಳಿಗೆಗೆ ನ್ಯೂಟ್ರಾನುಗಳ ಸಂಖ್ಯೆ ಒಂದಕ್ಕಿಂತ ಹೆಚ್ಚಿನ ಪಟ್ಟು ಬೆಳೆದರೆ ಸರಪಳಿ ಕ್ರಿಯೆ ಉಲ್ಬಣಿಸುತ್ತದೆ. ಒಂದಕ್ಕಿಂತ ಕಡಿಮೆಯಾದರೆ ತಾನಾಗಿಯೇ ನಂದುತ್ತದೆ. ೧೯೪೨ರಲ್ಲಿ ಎನ್ರಿಕೊ ಫರ್ಮಿಯು ಷಿಕಾಗೋದಲ್ಲಿ ಕಟ್ಟಿದ ಮೊದಲ ಪರಮಾಣು ರಾಶಿಯಲ್ಲಿ ನ್ಯೂಟ್ರಾನುಗಳನ್ನು ನುಂಗುವ ಕ್ಯಾಡ್ಮಿಯಂ ಲೋಹವನ್ನು ಒಳಗಿಳಿಸಿ ಕ್ರಿಯೆಯನ್ನು ಹತೋಟಿಯಲ್ಲಿಡಲಾಗಿತ್ತು. ಸಮಾಜದಲ್ಲಿ ರಕ್ಷಣೆ ಪಡೆದ ವ್ಯಕ್ತಿಯು ಮಾಡುವ ಕೆಲಸವೂ ಅಂಥದೇ. ಅವನನ್ನು ಮುಟ್ಟಿದ ಸೋಂಕು ಅಲ್ಲಿಗೇ ನಿಲ್ಲುತ್ತದೆ.

ಗುಣಕ ೧೫ ಇರುವಾಗ ಸರಪಳಿ ನಂದಬೇಕಾದರೆ, ರೋಗಿಯು ಸಂಧಿಸುವ ೧೫ ಜನರಲ್ಲಿ ರಕ್ಷಣೆಯಿಲ್ಲದವನು ಒಬ್ಬನಿಗಿಂತ ಕಡಿಮೆಯಿರಬೇಕು. ಹದಿನೈದರಲ್ಲಿ ಒಂದೆಂದರೆ ನೂರಕ್ಕೆ ಸುಮಾರು ೬.೭. ಆದುದರಿಂದ ನೂರಕ್ಕೆ ೯೩ಕ್ಕಿಂತ ಹೆಚ್ಚು ಜನರಿಗೆ ರಕ್ಷಣೆಯಿರಲೇಬೇಕು. ಗುಣಕವು ಕಡಿಮೆಯಿರುವ ರೋಗಗಳನ್ನು ಇಷ್ಟು ದೊಡ್ಡ ಪ್ರಮಾಣದ ರಕ್ಷಣೆಯಿಲ್ಲದೆಯೇ ತಡೆಯಬಹುದು. ದಡಾರ ಅಷ್ಟು ಸಡಿಲವನ್ನು ಕೊಡುವುದಿಲ್ಲ.

ಲಸಿಕೆಯೂ ಅದರ ಎರಡು ಕಂತುಗಳೂ

೧೯೫೪ರಲ್ಲಿ ಬಾಸ್ಟನ್ ನಗರದಲ್ಲಿ ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ ಎಂಬ ವಿಜ್ಞಾನಿಗಳು ರೋಗಿಯಾಗಿದ್ದ ಒಬ್ಬ ಶಾಲಾಬಾಲಕನ ರಕ್ತದಿಂದ ದಡಾರದ ವೈರಸ್ಸನ್ನು ಬೇರ್ಪಡಿಸಿ, ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಿದರು. ಆ ವೈರಸ್ಸನ್ನು ಬೇರೆ ಬೇರೆ ಜೀವಕೋಶಗಳಲ್ಲಿ, ಕೊನೆಗೆ ಕೋಳಿಯ ಭ್ರೂಣದ ಕೋಶಗಳಲ್ಲಿ, ಮತ್ತೆ ಮತ್ತೆ ಬೆಳೆಸುತ್ತ ಹೋದಂತೆ ಅದು ಮನುಷ್ಯನಲ್ಲಿ ರೋಗವನ್ನುಂಟುಮಾಡುವ ಸಾಮರ್ಥ್ಯವನ್ನು ಕಳೆದುಕೊಂಡಿತು. ಆದರೂ ಶರೀರಕ್ಕೆ ರೋಗದ ಗುರುತನ್ನು ಹೇಳಿಕೊಡುವ ಸಾಮರ್ಥ್ಯ ಅದರಲ್ಲಿ ಉಳಿದಿತ್ತು. ಹೀಗೆ ದುರ್ಬಲಗೊಳಿಸಿದ ಜೀವಂತ ವೈರಸ್ಸೇ ದಡಾರದ ಲಸಿಕೆ. ೧೯೬೩ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು.

ಭಾರತದಲ್ಲಿ ೧೯೮೫ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಈ ಲಸಿಕೆಯೂ ಸೇರಿತು. ಆಗ ಒಂಬತ್ತು ತಿಂಗಳಾದ ಮೇಲೆ ಒಂದೇ ಕಂತು. ಎರಡನೆಯ ಕಂತು ೨೦೧೦ರಿಂದೀಚೆಗೆ ಬಂದಿತು. ಎರಡು ಬಾರಿ ಏಕೆ ಬೇಕು? ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಕೆಲವು ತಿಂಗಳು ಉಳಿದಿರುತ್ತವೆ. ಅವು ಲಸಿಕೆಯ ದುರ್ಬಲ ವೈರಸ್ಸನ್ನೂ ನಾಶಮಾಡಿಬಿಡಬಹುದು. ಬಹಳ ಬೇಗ ಹಾಕಿದರೆ ಲಸಿಕೆ ಹಿಡಿಯುವುದಿಲ್ಲ, ತಡಮಾಡಿದರೆ ರೋಗವೇ ಮೊದಲು ಬಂದೀತು. ಒಂಬತ್ತು ತಿಂಗಳೆಂಬುದು ಇವೆರಡರ ನಡುವಿನ ಹೊಂದಾಣಿಕೆ. ಆ ವಯಸ್ಸಿನಲ್ಲಿ ಹಾಕಿದ ಒಂದು ಕಂತು ನೂರಕ್ಕೆ ಸುಮಾರು ೮೫ ಮಕ್ಕಳಲ್ಲಿ ಫಲಿಸುತ್ತದೆ. ಎರಡು ಕಂತುಗಳಾದರೆ ಫಲಿಸುವ ಪ್ರಮಾಣ ನೂರಕ್ಕೆ ೯೭.

ಈಗ ಒಂದು ಸಾವಿರ ಮಕ್ಕಳಿರುವ ಊರನ್ನು ಊಹಿಸಿಕೊಂಡು ಲೆಕ್ಕಮಾಡೋಣ. ಎಲ್ಲರಿಗೂ ಒಂದೇ ಕಂತು ಹಾಕಿದರೆ ೧೫೦ ಮಕ್ಕಳು ರಕ್ಷಣೆಯಿಲ್ಲದೆ ಉಳಿಯುತ್ತಾರೆ. ಆಗ ಒಬ್ಬ ರೋಗಿಯಿಂದ ಸೋಂಕು ಪಡೆಯುವವರು ೧೫ × ೦.೧೫, ಎಂದರೆ ೨.೨೫. ಸರಪಳಿ ಬೆಳೆಯುತ್ತದೆ. ನೂರಕ್ಕೆ ೯೦ ಮಕ್ಕಳಿಗೆ ಎರಡು ಕಂತು ಹಾಕಿದರೆ ರಕ್ಷಣೆ ಪಡೆದವರು ೮೭೩, ಉಳಿದವರು ೧೨೭, ಗುಣಕ ೧.೯. ಇದೂ ಸಾಲದು. ನೂರಕ್ಕೆ ೯೫ ಮಕ್ಕಳಿಗೆ ಹಾಕಿದರೆ ಉಳಿಯುವವರು ಸುಮಾರು ೭೮, ಗುಣಕ ೧.೨ರ ಹತ್ತಿರ. ಮೂಲ ಗುಣಕವನ್ನು ೧೨ ಎಂದು ಹಿಡಿದರೆ ಮಾತ್ರ ಇದು ಒಂದಕ್ಕಿಂತ ಸ್ವಲ್ಪ ಕೆಳಗಿಳಿಯುತ್ತದೆ. ನೂರಕ್ಕೆ ೯೮ ಮಕ್ಕಳಿಗೆ ಎರಡೂ ಕಂತು ಮುಟ್ಟಿದಾಗ ಗುಣಕವು ೦.೭೪ಕ್ಕೆ ಇಳಿದು, ಹೊರಗಿನಿಂದ ಬಂದ ಸೋಂಕು ನಾಲ್ಕಾರು ಜನರಲ್ಲಿ ಮುಗಿದುಹೋಗುತ್ತದೆ. ಎರಡು ಕಂತುಗಳು ನೂರಕ್ಕೆ ೯೫ಕ್ಕೆ ಕಡಿಮೆಯಿಲ್ಲದಂತೆ ಮುಟ್ಟಬೇಕೆಂದು ಆರೋಗ್ಯ ಸಂಸ್ಥೆಗಳು ಒತ್ತಾಯಿಸುವುದು ಏಕೆಂಬುದು ಈಗ ಸ್ಪಷ್ಟವಾಗುತ್ತದೆ.

ಈ ಲೆಕ್ಕದಲ್ಲಿ ಜನರೆಲ್ಲರೂ ಸಮನಾಗಿ ಬೆರೆಯುತ್ತಾರೆಂದು ಭಾವಿಸಿದ್ದೇವೆ. ವಾಸ್ತವದಲ್ಲಿ ಲಸಿಕೆಯಿಲ್ಲದವರು ಒಂದೇ ಕೇರಿಯಲ್ಲಿ, ಒಂದೇ ಶಾಲೆಯಲ್ಲಿ ಸೇರಿಕೊಂಡಿರುವುದುಂಟು. ಜಿಲ್ಲೆಯ ಸರಾಸರಿ ಎಷ್ಟು ಚೆನ್ನಾಗಿದ್ದರೂ ಆ ಕೇರಿಯಲ್ಲಿ ಸರಪಳಿ ಹೊತ್ತಿಕೊಳ್ಳುತ್ತದೆ. ದಡಾರವು ನಿರ್ಮೂಲವಾಯಿತೆಂದು ಅಮೆರಿಕ ಸಂಯುಕ್ತ ಸಂಸ್ಥಾನವು ೨೦೦೦ದಲ್ಲಿ ಸಾರಿತ್ತು. ಆದರೂ ೨೦೨೫ರಲ್ಲಿ ಅದರ ಟೆಕ್ಸಾಸ್ ರಾಜ್ಯದಲ್ಲಿ, ಲಸಿಕೆ ಕಡಿಮೆಯಿದ್ದ ಒಂದು ಪ್ರದೇಶದಲ್ಲಿ ಮೊದಲಾದ ರೋಗವು ೭೬೨ ಜನರಿಗೆ ಹರಡಿ ಇಬ್ಬರು ಮಕ್ಕಳನ್ನು ಬಲಿ ತೆಗೆದುಕೊಂಡಿತು.

ಸಮೋವಾ ದ್ವೀಪದ ದುರಂತ

ಫೆರೋ ದ್ವೀಪಗಳ ಜನಕ್ಕೆ ಲಸಿಕೆಯೇ ಇರಲಿಲ್ಲ. ಲಸಿಕೆಯಿದ್ದೂ ಅದನ್ನು ಕೈಬಿಟ್ಟರೆ ಏನಾಗುತ್ತದೆಂಬುದನ್ನು ಶಾಂತಸಾಗರದ ಇನ್ನೊಂದು ದ್ವೀಪರಾಜ್ಯ ೨೦೧೯ರಲ್ಲಿ ಲೋಕಕ್ಕೆ ತೋರಿಸಿತು. ಸಮೋವಾ ದೇಶದ ಜನಸಂಖ್ಯೆ ಸುಮಾರು ಎರಡು ಲಕ್ಷ. ೨೦೧೮ರ ಜುಲೈ ತಿಂಗಳಲ್ಲಿ ಅಲ್ಲಿ ಇಬ್ಬರು ಶಿಶುಗಳು ಲಸಿಕೆಯ ಚುಚ್ಚುಮದ್ದಾದ ಕೆಲವೇ ನಿಮಿಷಗಳಲ್ಲಿ ಸತ್ತವು. ಲಸಿಕೆಯಲ್ಲಿ ದೋಷವಿರಲಿಲ್ಲ. ಪುಡಿಯ ರೂಪದ ಲಸಿಕೆಯನ್ನು ಕರಗಿಸಲು ಶುದ್ಧಜಲಕ್ಕೆ ಬದಲಾಗಿ, ಸ್ನಾಯುಗಳನ್ನು ಸಡಿಲಿಸುವ ಬೇರೊಂದು ಔಷಧವನ್ನು ತಪ್ಪಾಗಿ ಬೆರೆಸಲಾಗಿತ್ತು. ಜನರು ಭಯಗೊಂಡರು. ಲಸಿಕಾ ಕಾರ್ಯವು ತಿಂಗಳುಗಟ್ಟಲೆ ನಿಂತಿತು. ಆ ವರ್ಷ ಮೊದಲ ಕಂತು ಮುಟ್ಟಿದ ಶಿಶುಗಳು ನೂರಕ್ಕೆ ೩೧ ಮಾತ್ರ.

೨೦೧೯ರ ಕೊನೆಯ ತಿಂಗಳುಗಳಲ್ಲಿ ದಡಾರ ಬಂದಿತು. ೫,೭೦೦ಕ್ಕೂ ಹೆಚ್ಚು ಜನರು ರೋಗಿಗಳಾದರು. ೮೩ ಜನ ಸತ್ತರು, ಅವರಲ್ಲಿ ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರ್ ೫ ಮತ್ತು ೬ರಂದು ಸರ್ಕಾರವು ಕಚೇರಿಗಳನ್ನು ಮುಚ್ಚಿ, ಲಸಿಕೆಯಾಗದವರಿರುವ ಮನೆಗಳ ಮುಂದೆ ಕೆಂಪು ಬಟ್ಟೆಯನ್ನು ಕಟ್ಟಬೇಕೆಂದು ಆಜ್ಞೆಮಾಡಿ, ಮನೆಮನೆಗೂ ದಾದಿಯರನ್ನು ಕಳುಹಿಸಿತು. ಅದೇ ಕಾಲದಲ್ಲಿ ನೆರೆಯ ಟೋಂಗಾ ಮತ್ತು ಫಿಜಿ ದ್ವೀಪಗಳಿಗೂ ರೋಗ ತಲಪಿತು. ಅಲ್ಲಿ ಮಕ್ಕಳಿಗೆ ಲಸಿಕೆ ಚೆನ್ನಾಗಿ ಮುಟ್ಟಿದ್ದುದರಿಂದ ಒಬ್ಬರೂ ಸಾಯಲಿಲ್ಲ. ಒಂದು ತಪ್ಪಿನಿಂದ ಇಬ್ಬರು ಸತ್ತುದು ಘೋರವೇ ಸರಿ. ಆ ತಪ್ಪಿನ ಭಯದಿಂದ ಲಸಿಕೆಯನ್ನೇ ತೊರೆದುದು ಅದಕ್ಕಿಂತ ಎಷ್ಟು ಪಾಲು ಘೋರವಾಯಿತೆಂಬುದನ್ನು ಈ ಸಂಖ್ಯೆಗಳೇ ಹೇಳುತ್ತವೆ.

ನಾವು ಮಾಡಬೇಕಾದುದು

ನಮ್ಮ ದೇಶದಲ್ಲಿ ಈಗ ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಸೇರಿದ ಒಂದೇ ಲಸಿಕೆಯನ್ನು ಕೊಡುತ್ತಾರೆ. ರುಬೆಲ್ಲಾ ಮಕ್ಕಳಲ್ಲಿ ಸೌಮ್ಯವಾದರೂ ಗರ್ಭಿಣಿಗೆ ತಗುಲಿದರೆ ಹುಟ್ಟುವ ಶಿಶುವಿನ ಕಣ್ಣು, ಕಿವಿ, ಹೃದಯಗಳನ್ನು ಕೆಡಿಸುವ ರೋಗ. ಈ ಜೋಡಿಲಸಿಕೆಯ ದೊಡ್ಡ ಅಭಿಯಾನ ೨೦೧೭ರ ಫೆಬ್ರವರಿಯಲ್ಲಿ ಮೊದಲಾದದ್ದು ಕರ್ನಾಟಕವೂ ಸೇರಿ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನವರೆಲ್ಲರಿಗೂ ಆಗ ಲಸಿಕೆ ಹಾಕಲಾಯಿತು. ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಅಂದು ಶಾಲೆಯಲ್ಲಿ ಸಾಲಾಗಿ ನಿಂತದ್ದು ಜ್ಞಾಪಕವಿರಬಹುದು.

ಮೊದಲ ಕಂತು ೯ರಿಂದ ೧೨ ತಿಂಗಳಲ್ಲಿ, ಎರಡನೆಯದು ೧೬ರಿಂದ ೨೪ ತಿಂಗಳಲ್ಲಿ. ಬಲತೋಳಿನ ಮೇಲ್ಭಾಗದಲ್ಲಿ ಚರ್ಮದಡಿ ಅರ್ಧ ಮಿಲಿಲೀಟರ್ ಚುಚ್ಚುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ಒಂದು ವಾರದ ಮೇಲೆ ಸ್ವಲ್ಪ ಜ್ವರ, ಕೆಲವರಿಗೆ ತೆಳುವಾದ ದದ್ದು ಕಾಣಿಸಬಹುದು, ಅದಕ್ಕೆ ಅಂಜಬೇಕಾಗಿಲ್ಲ. ಗರ್ಭಿಣಿಯರಿಗೂ ರೋಗನಿರೋಧಶಕ್ತಿ ಬಹಳ ಕುಂದಿದವರಿಗೂ ಈ ಲಸಿಕೆಯನ್ನು ಹಾಕುವುದಿಲ್ಲ. ಒಂಬತ್ತು ತಿಂಗಳು ತುಂಬದ ಶಿಶುಗಳೂ ಇಂಥವರೂ ತಮ್ಮ ರಕ್ಷಣೆಗೆ ಸುತ್ತಲಿನವರ ಲಸಿಕೆಯನ್ನೇ ನಂಬಿಕೊಂಡಿರಬೇಕು. ಇಂಗ್ಲೆಂಡಿನಲ್ಲಿ ೧೯೯೮ರಲ್ಲಿ ಪ್ರಕಟವಾದ ಲೇಖನವೊಂದು ದಡಾರದ ಲಸಿಕೆಗೂ ಮಕ್ಕಳ ಆಟಿಸಂ ತೊಂದರೆಗೂ ಸಂಬಂಧವಿದೆಯೆಂಬ ಶಂಕೆಯನ್ನು ಹಬ್ಬಿಸಿತು. ಪ್ರಕಟಿಸಿದ ಪತ್ರಿಕೆಯೇ ೨೦೧೦ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆರು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು ಡೆನ್ಮಾರ್ಕಿನಲ್ಲಿ ನಡೆದು ೨೦೧೯ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಅಂತಹ ಯಾವ ಸಂಬಂಧವೂ ಕಾಣಲಿಲ್ಲ.

ಮನೆಯಲ್ಲಿ ಯಾರಿಗಾದರೂ ದಡಾರ ಬಂದರೆ ಮೊದಲು ವೈದ್ಯರಿಗೆ ತಿಳಿಸಬೇಕು. ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ, ಆದರೆ ಎ ಜೀವಸತ್ವವನ್ನು ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ ಎರಡು ದಿನ ಕೊಡುವುದರಿಂದ ಮಕ್ಕಳ ಕಣ್ಣೂ ಜೀವವೂ ಉಳಿಯುತ್ತವೆ. ಇದನ್ನು ವೈದ್ಯರೇ ಕೊಡಬೇಕು, ಅಳತೆ ಮೀರಿದರೆ ಅಪಾಯ. ಸೋಂಕಿಗೆ ಒಳಗಾದ, ಲಸಿಕೆಯಿಲ್ಲದ ಇತರ ಮಕ್ಕಳಿಗೆ ಮೂರು ದಿನಗಳೊಳಗೆ ಲಸಿಕೆ ಹಾಕಿಸಿದರೆ ರೋಗ ಬಾರದಿರುವ ಸಂಭವವುಂಟು.

ದದ್ದು ಎದ್ದಾಗ ಅಮ್ಮ ಬಂದಿದ್ದಾಳೆಂದು ಹಿರಿಯರು ಬೇವಿನ ಸೊಪ್ಪನ್ನು ಕಟ್ಟಿ, ಹೊರಗಿನವರನ್ನು ಒಳಗೆ ಬಿಡದಿದ್ದ ಪದ್ಧತಿಯಲ್ಲಿ ಪ್ರತ್ಯೇಕತೆಯ ಗುಣವಿತ್ತು. ಅದನ್ನು ಹಳಿಯಬೇಕಾಗಿಲ್ಲ. ಆದರೆ ಅಮ್ಮನಿಗೆ ಕೋಪ ಬಂದೀತೆಂದು ಔಷಧವನ್ನು ನಿಲ್ಲಿಸುವುದು, ಮಗುವಿಗೆ ಹಾಲು ಅನ್ನಗಳನ್ನು ಕಡಿಮೆಮಾಡುವುದು, ಕಿಟಕಿ ಮುಚ್ಚಿದ ಕತ್ತಲೆಯ ಕೋಣೆಯಲ್ಲಿ ಮನೆಯ ಎಲ್ಲ ಮಕ್ಕಳನ್ನೂ ಒಟ್ಟಿಗೆ ಮಲಗಿಸುವುದು, ಇವು ಹಾನಿಕರ. ಗಾಳಿಯಾಡುವ ಕೋಣೆ, ಬೇಕಾದಷ್ಟು ನೀರು ಗಂಜಿ, ತಾಯಿಯ ಹಾಲು, ಜ್ವರಕ್ಕೆ ವೈದ್ಯರು ಹೇಳಿದ ಮದ್ದು, ಇವು ಬೇಕು. ಉಸಿರಾಟ ವೇಗವಾದರೆ, ಮಗು ಮಂಕಾದರೆ, ಫಿಟ್ಸ್ ಬಂದರೆ, ಕುಡಿದದ್ದು ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ದಡಾರದ ವೈರಸ್ಸು ಮನುಷ್ಯನನ್ನು ಬಿಟ್ಟರೆ ಬೇರಾವ ಪ್ರಾಣಿಯಲ್ಲಿಯೂ ಶಾಶ್ವತವಾಗಿ ನೆಲೆಸಿಲ್ಲ. ಆದುದರಿಂದ ಅದನ್ನು ಭೂಮಿಯಿಂದಲೇ ಅಳಿಸಿಹಾಕುವುದು ಸಾಧ್ಯ. ಅದರ ಹತ್ತಿರದ ಬಂಧುವಾದ, ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ರಿಂಡರ್‌ಪೆಸ್ಟ್ ರೋಗ, ನಮ್ಮ ರೈತರು ದೊಡ್ಡರೋಗವೆಂದು ಹೆದರುತ್ತಿದ್ದುದು, ಲಸಿಕೆಯ ಬಲದಿಂದ ಇಲ್ಲವಾಗಿ, ೨೦೧೧ರಲ್ಲಿ ಅದರ ನಿರ್ಮೂಲನವನ್ನು ಘೋಷಿಸಲಾಯಿತು. ದನಗಳಿಗೆ ಮಾಡಿದ್ದನ್ನು ಮಕ್ಕಳಿಗೂ ಮಾಡಬಹುದು. ಓದುಗರು ಇಂದೇ ಮನೆಯಲ್ಲಿರುವ ತಾಯಿ ಕಾರ್ಡನ್ನು ತೆಗೆದು, ತಮ್ಮ ಹಾಗೂ ತಮ್ಮ ತಂಗಿಯರ ಹೆಸರಿನ ಮುಂದೆ ದಡಾರದ ಎರಡು ಕಂತುಗಳ ತಾರೀಖೂ ಬರೆದಿದೆಯೇ ಎಂದು ನೋಡಲಿ. ಒಂದೇ ಇದ್ದರೆ, ಅಥವಾ ಒಂದೂ ಇಲ್ಲದಿದ್ದರೆ, ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೋ ಊರಿನ ಆಶಾ ಕಾರ್ಯಕರ್ತೆಯ ಬಳಿಯೋ ವಿಚಾರಿಸಲಿ. ಮೇಲಿನ ಲೆಕ್ಕದಲ್ಲಿ ಬಂದ ಸಾವಿರ ಮಕ್ಕಳಲ್ಲಿ ನಾವು ಯಾವ ಕಡೆಗೆ ಸೇರಿದ್ದೇವೆಂಬುದು ಆ ಎರಡು ತಾರೀಖುಗಳಿಂದ ತಿಳಿದುಬರುತ್ತದೆ.